ಅಣ್ಣನ ಎರಡು ಮಾತ್ರೆ

ನಾನು ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಬಸ್ಸು. ರಾತ್ರಿ ಬಸ್ಸು ಗುಬ್ಬಿಯ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲೇ ನಿಲ್ಲುತ್ತಿತ್ತು. ಬೆಳಿಗ್ಗೆ ಏಳೂಕಾಲಿಗೆ ಹೊರಟು, ದಾರಿಯುದ್ದಕ್ಕೂ ಮಕ್ಕಳನ್ನು ಹತ್ತಿಸಿಕೊಂಡು, ಉಪ್ಪಾರಹಳ್ಳಿ, ಮರಳೂರು ಮುಗಿಸಿ ಕಾಲೇಜಿನ ಗೇಟು ದಾಟುವಾಗ ಒಂಬತ್ತಕ್ಕೆ ಐದು ನಿಮಿಷ ಇರುತ್ತಿತ್ತು. ಎಷ್ಟೋ ತಾಯಂದಿರು ನನ್ನ ಬಸ್ಸಿನ ಹಾರನ್ ಕೇಳಿ ಕುಕ್ಕರ್ ಇಳಿಸುತ್ತಿದ್ದರು ಎಂದು ಹೆಮ್ಮೆ ಪಡುತ್ತಿದ್ದ ಕಾಲವೂ ಇತ್ತು.

ಈಗ ನಾನು ಆ ಬಸ್ಸು ಓಡಿಸುವುದಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಹಾರ್ಟಿನದು ಎಂದು ಹೇಳಿ ಮುಗಿಸುತ್ತೇನೆ. ಆದರೆ ಎದೆ ಪರೀಕ್ಷೆಯ ಕಾಗದ ಕೈಯಲ್ಲಿ ಹಿಡಿದುಕೊಂಡು ಅದರ ಮೇಲಿರುವ ಒಂದು ಪದಕ್ಕೆ ಹೆದರಿ ಕೂತಿರುವವರು ಇದನ್ನು ಓದುತ್ತಿದ್ದರೆ, ಅವರಿಗೆ ಅಷ್ಟು ಹೇಳಿದರೆ ಸಾಲದು. ನಾನು ಮಾಡಿದ ಕೆಲಸವನ್ನೂ ಹೇಳಬೇಕು. ಮಾನ ಹೋಗುವಂಥದ್ದೇ, ಆದರೂ ಹೇಳುತ್ತೇನೆ.

ಎದೆಯಲ್ಲಿ ಮೊದಲ ಸಲ ಏನೋ ಆದದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ನಮ್ಮ ತೋಟದಲ್ಲಿ. ನಮ್ಮ ಪಾಲಿನದನ್ನೂ ಸೇರಿಸಿ ನೋಡಿಕೊಳ್ಳುವವನು ನಮ್ಮಣ್ಣ ಗಂಗಣ್ಣ. ರಜೆ ಸಿಕ್ಕಾಗ ನಾನು ಹೋಗಿ ಕೈ ಹಾಕುವುದು ರೂಢಿ. ಅವತ್ತು ನೆಲಕ್ಕೆ ನೆಟ್ಟ ಹಾರೆಗೆ ತೆಂಗಿನಕಾಯಿ ಕುಕ್ಕಿ ಸುಲಿಯುತ್ತಿದ್ದೆ. ನಲವತ್ತೋ ಐವತ್ತೋ ಕಾಯಿ ಆಗಿರಬೇಕು, ಎದೆಯ ನಡುವೆ ಯಾರೋ ಅಂಗೈ ಒತ್ತಿಟ್ಟಂತಾಯಿತು. ಅದು ಮೆಲ್ಲಗೆ ಗಂಟಲಿಗೆ ಬಂದು ಕೆಳದವಡೆ ಹಿಡಿದುಕೊಂಡಿತು. ಸುಲಿದ ಮಟ್ಟೆಯ ರಾಶಿಯ ಮೇಲೆ ಕೂತೆ. ಐದು ನಿಮಿಷದಲ್ಲಿ ಬಂದ ಹಾಗೇ ಹೋಯಿತು.

"ಗ್ಯಾಸು ಕಣ್ಲಾ," ಎಂದ ಅಣ್ಣ. "ಬೆಳಿಗ್ಗೆ ಖಾಲಿ ಹೊಟ್ಟೇಲಿ ಹಲಸಿನ್ ಹಣ್ಣು ತಿಂದ್ಯಲ್ಲ, ಅದೇಯ."

ಅತ್ತಿಗೆ ಓಮದ ಕಷಾಯ ಕೊಟ್ಟರು. ಕುಡಿದು ತೇಗಿದೆ. ತೇಗು ಬಂದ ಮೇಲೆ ಗ್ಯಾಸೇ ಎಂಬುದು ಸಾಬೀತಾದಂತಾಯಿತು. ನಮ್ಮ ಕಡೆ ಗ್ಯಾಸಿಗೆ ಇರುವಷ್ಟು ಹೊಣೆ ಬೇರೆ ಯಾವ ಕಾಯಿಲೆಗೂ ಇಲ್ಲ. ಆಮೇಲೆ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುವಾಗ ಒಮ್ಮೆ, ಬಸ್ಸಿನ ಸ್ಟೆಪ್ನಿ ಎತ್ತಿಡುವಾಗ ಒಮ್ಮೆ ಹಾಗೇ ಆಯಿತು. ಎರಡೂ ಸಲ ನಾನು ಬೆಳಿಗ್ಗೆ ಏನು ತಿಂದಿದ್ದೆ ಎಂದು ಹುಡುಕಿದೆ. ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ.

ನಮ್ಮ ಕಾಲೇಜಿನಲ್ಲಿ ತರಗತಿ ಶುರುವಾಗುವ ಮುಂಚೆ ಡ್ರೈವರುಗಳಿಗೆಲ್ಲ ಫಿಟ್‌ನೆಸ್ ಪರೀಕ್ಷೆ. ರಕ್ತ, ಬಿಪಿ, ಕಣ್ಣು. ಕಣ್ಣಿನ ವಿಷಯದಲ್ಲಿ ನಮ್ಮಲ್ಲಿ ಒಂದು ಪದ್ಧತಿಯೇ ಇತ್ತು. ಪ್ರತಿ ವರ್ಷ ಗೋಡೆಗೆ ನೇತುಹಾಕುತ್ತಿದ್ದದ್ದು ಅದೇ ಹಳೆಯ ಚಾರ್ಟು. ಮೊದಲು ಒಳಗೆ ಹೋಗಿ ಬಂದವನು ಹೊರಗಿನ ಟೀ ಅಂಗಡಿಯಲ್ಲಿ ಕೂತವರಿಗೆ ಕೊನೆಯ ಎರಡು ಸಾಲು ಹೇಳಿಕೊಡುತ್ತಿದ್ದ. ನಮ್ಮಲ್ಲೆಲ್ಲ ಹಿರಿಯನಾದ ಪುಟ್ಟಸ್ವಾಮಿಗೆ ಎಡಗಣ್ಣು ಮಂಜಾಗಿ ನಾಲ್ಕು ವರ್ಷ ಆಗಿದ್ದರೂ ಕೊನೆಯ ಸಾಲನ್ನು ಎಡದಿಂದಲೂ ಬಲದಿಂದಲೂ ಹೇಳುತ್ತಿದ್ದ. ಯಾರಿಗೂ ಇದು ತಪ್ಪು ಅನ್ನಿಸಿರಲಿಲ್ಲ. ಹೊಟ್ಟೆಪಾಡು, ಇನ್ನೇನು ಮಾಡುವುದು ಎಂದುಕೊಂಡಿದ್ದೆವು.

ಆ ವರ್ಷ ಹೊಸದೊಂದು ಸೇರಿತು. ಐವತ್ತು ದಾಟಿದವರು ಟಿಎಂಟಿ ಮಾಡಿಸಿ ವರದಿ ತರಬೇಕು, ತರಲು ಒಂದು ತಿಂಗಳು ವಾಯಿದೆ. ಎದೆಗೆ ವೈರು ಅಂಟಿಸಿ, ಓಡುವ ಬೆಲ್ಟಿನ ಮೇಲೆ ನಡೆಸಿ, ಹೃದಯಕ್ಕೆ ಕೆಲಸ ಕೊಟ್ಟು ನೋಡುವ ಪರೀಕ್ಷೆ. ನನಗೆ ಐವತ್ಮೂರು. ಇದಕ್ಕೆ ಬಾಯಿಪಾಠ ಮಾಡಲು ಯಾವ ಚಾರ್ಟೂ ಇರಲಿಲ್ಲ. ಆದರೆ ಪುಟ್ಟಸ್ವಾಮಿಯ ಹತ್ತಿರ ಇದಕ್ಕೂ ಒಂದು ಉಪಾಯವಿತ್ತು. ಅವನ ಷಡ್ಡಕನಿಗೆ ಯಾರೋ ಹೇಳಿದ್ದಂತೆ: ಬಿಪಿಯವರು ನುಂಗುವ ಒಂದು ಜಾತಿ ಮಾತ್ರೆ ಇದೆ, ಅದನ್ನು ಹಿಂದಿನ ರಾತ್ರಿ ಒಂದು, ಬೆಳಿಗ್ಗೆ ಒಂದು ತೆಗೆದುಕೊಂಡು ಹೋದರೆ ಎಷ್ಟು ಓಡಿಸಿದರೂ ಎದೆ ಹೊಡೆದುಕೊಳ್ಳುವುದಿಲ್ಲ, ಮಿಷಿನ್ನು ಏನೂ ಇಲ್ಲ ಎಂದು ಬರೆದುಕೊಡುತ್ತದೆ. ಅವನು ಹೇಳಿದ ಹೆಸರು ನನಗೆ ಗೊತ್ತಿತ್ತು. ನಮ್ಮಣ್ಣ ದಿನಾ ನುಂಗುತ್ತಿದ್ದದ್ದು ಅದನ್ನೇ.

ಮುಂದಿನ ಭಾನುವಾರ ಕೊತ್ತಗೆರೆಗೆ ಹೋದೆ. ಅಣ್ಣನ ಮಾತ್ರೆಗಳು ಕಿಟಕಿಯ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ. ಅವನು ಹಟ್ಟಿಯ ಕಡೆ ಹೋದಾಗ ಶೀಟಿನಿಂದ ಎರಡು ಒತ್ತಿ ತೆಗೆದು ಜೇಬಿಗೆ ಹಾಕಿಕೊಂಡೆ. ಕೇಳಿದ್ದರೆ ಅಣ್ಣ ಕೊಡುತ್ತಿದ್ದ. ಯಾಕೆ ಎಂದೂ ಕೇಳುತ್ತಿದ್ದ. ಅದಕ್ಕೇ ಕೇಳಲಿಲ್ಲ.

ಪರೀಕ್ಷೆಯ ದಿನ ಹೆಂಡತಿ ಜಯಾ ನನ್ನ ಜೊತೆ ತುಮಕೂರಿಗೆ ಬಂದಳು. ಅವಳು ಗುಬ್ಬಿಯಲ್ಲಿ ಅಂಗನವಾಡಿ ಟೀಚರ್. ಹಾರ್ಟಿನ ಆಸ್ಪತ್ರೆಯ ಹೊರಗಿನ ಬೆಂಚುಗಳಲ್ಲಿ ಎಲ್ಲರ ತೊಡೆಯ ಮೇಲೂ ಜವಳಿ ಅಂಗಡಿಯ ಕವರು, ಕವರಿನೊಳಗೆ ರಿಪೋರ್ಟು. ಎದುರಿನ ಟಿವಿಯಲ್ಲಿ ಸದ್ದಿಲ್ಲದೆ ವಾರ್ತೆ ಓಡುತ್ತಿತ್ತು. ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಒಳಗಿನ ಬಾಗಿಲ ಮೇಲೆ. ನಾನು ಮಾತ್ರ ಕಾಲು ಚಾಚಿ ಆರಾಮಾಗಿ ಕೂತಿದ್ದೆ. ಒಳಗೆ ಎರಡು ಮಾತ್ರೆಯ ಧೈರ್ಯ ಇತ್ತು.

ಒಬ್ಬ ಅಟೆಂಡರ್ ಎದೆಯ ಕೂದಲು ಹೆರೆದು, ಒರೆಸಿ, ವೈರುಗಳನ್ನು ಅಂಟಿಸಿದ. ಬೆಲ್ಟಿನ ಮಿಷಿನ್ನಿನ ಹಿಡಿಕೆಯ ಮೇಲೆ ಆಯುಧಪೂಜೆಯ ಅರಿಶಿನ ಕುಂಕುಮ ಒಣಗಿ ಉಳಿದಿತ್ತು. ಅಭ್ಯಾಸಬಲ, ಚಪ್ಪಲಿ ಬಿಟ್ಟು ಹಿಡಿಕೆ ಮುಟ್ಟಿ ಕಣ್ಣಿಗೊತ್ತಿಕೊಂಡೇ ಹತ್ತಿದೆ. ಟೆಕ್ನಿಷಿಯನ್ ಹುಡುಗಿ ನಕ್ಕಳು. ಬೆಲ್ಟು ಹೊರಟಿತು. ಮೂರು ಮೂರು ನಿಮಿಷಕ್ಕೆ ವೇಗವೂ ಹೆಚ್ಚಾಗುತ್ತದೆ, ಏರೂ ಹೆಚ್ಚಾಗುತ್ತದೆ. ಇಪ್ಪತ್ತಾರು ವರ್ಷ ನಾನು ಇನ್ನೊಬ್ಬರನ್ನು ಕೂರಿಸಿಕೊಂಡು ಗೇರು ಹಾಕಿದವನು, ಅವತ್ತು ಗೇರು ಅವಳ ಕೈಯಲ್ಲಿತ್ತು. ಎಂಟನೆಯ ನಿಮಿಷದ ಹೊತ್ತಿಗೆ ಕಾಲು ಸೋತವು. ದವಡೆಯಲ್ಲಿ ಸ್ವಲ್ಪ, ಬಹಳ ಸ್ವಲ್ಪ, ಆ ಹಳೆಯ ಹಿಡಿತ ಕಾಣಿಸಿತು. ಎದೆನೋವು ಬಂದರೆ ಹೇಳಿ ಎಂದು ಅವಳು ಮೊದಲೇ ಹೇಳಿದ್ದಳು. ಕಾಲು ನೋವು ಎಂದಷ್ಟೇ ಹೇಳಿ ಬೆಲ್ಟು ನಿಲ್ಲಿಸಲು ಕೇಳಿಕೊಂಡೆ.

ಡಾಕ್ಟರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಉದ್ದನೆಯ ಗೆರೆಗಳ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲ ಮೇಡಂ ಎಂದೆ. ಮತ್ತೆ ಕಾಗದ ನೋಡಿದರು. ಬಿಪಿಗೆ, ಕೈ ನಡುಕಕ್ಕೆ, ಯಾವುದಕ್ಕಾದರೂ, ನಿನ್ನೆ ಮೊನ್ನೆ ಆದರೂ ಸರಿ, ಎಂದು ಇನ್ನೊಮ್ಮೆ ಕೇಳಿದರು. ಯಾವುದೂ ಇಲ್ಲ ಎಂದೆ.

ಆಗ ಅವರು ಹೇಳಿದ್ದು ಇಷ್ಟು. ನಾನು ನಡೆದ ನಡಿಗೆಗೆ ಎದೆಬಡಿತ ಏರಬೇಕಿತ್ತು, ಏರಿಲ್ಲ. ಮಾತ್ರೆ ನುಂಗದವನಿಗೆ ಹೀಗಾದರೆ ಅದೇ ಒಂದು ದೋಷ. ಜೊತೆಗೆ ಕೊನೆಯಲ್ಲಿ ಗೆರೆಗಳೂ ಸ್ವಲ್ಪ ಕೆಳಗೆ ಜಗ್ಗಿವೆ. ಪರೀಕ್ಷೆ ಅಬ್‌ನಾರ್ಮಲ್ ಎಂದು ಬರೆಯುತ್ತಿದ್ದೇನೆ, ಆಂಜಿಯೋಗ್ರಾಂ ಮಾಡಿಸಿ ನೋಡುವುದು ಒಳ್ಳೆಯದು, ಅಲ್ಲಿಯವರೆಗೆ ಬಸ್ಸು ಓಡಿಸಬೇಡಿ.

ಆ ಪದ ಕೇಳಿದ ಮರುಕ್ಷಣವೇ ನನಗೆ ಎಲ್ಲ ಹೊಳೆಯಿತು. ಬಡಿತ ಏರದೇ ಇದ್ದದ್ದು ಅಣ್ಣನ ಮಾತ್ರೆಯಿಂದ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೇನೆ, ಎದೆಯಲ್ಲಿ ಏನೂ ಇಲ್ಲ. ನಗು ಬರುವಂತಾಗಿ ಕೆಮ್ಮಿದೆ. ಗೆರೆ ಜಗ್ಗಿದೆ ಎಂದು ಅವರು ಹೇಳಿದ ಎರಡನೆಯ ಮಾತು ಕಿವಿಗೆ ಬಿದ್ದಿತ್ತು, ಒಳಕ್ಕೆ ಇಳಿಯಲಿಲ್ಲ.

ಹೊರಗೇ ಕೂತಿದ್ದ ಜಯಾಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ದೊಡ್ಡಕ್ಷರದಲ್ಲಿ ಬರೆದಿದ್ದ ಆ ಒಂದು ಪದ ಓದಿದಳು. ಗುಬ್ಬಿ ಬಸ್ಸಿನಲ್ಲಿ ಕೂತ ಮೇಲೆ, ಬಸ್ಸು ಓಡಿಸಬಹುದಂತಾ ಎಂದು ಕೇಳಿದಳು. ನಿಧಾನವಾಗಿ ಓಡಿಸಬಹುದಂತೆ ಎಂದೆ. ಒಂದು ಸುಳ್ಳಿನ ಹಿಂದೆ ಇನ್ನೊಂದು ಎಷ್ಟು ಸಲೀಸಾಗಿ ಬಂತು ಎಂದರೆ, ಅದು ಸುಳ್ಳು ಅನ್ನಿಸಲೂ ಇಲ್ಲ.

ಆಮೇಲಿನ ಎಂಟು ದಿನ ನಮ್ಮ ಮನೆಯಲ್ಲಿ ನಾನೊಬ್ಬನೇ ನೆಮ್ಮದಿಯಾಗಿದ್ದದ್ದು. ಜಯಾ ಸಾರಿಗೆ ಉಪ್ಪು ಕಡಿಮೆ ಮಾಡಿದಳು, ಉಪ್ಪಿನಕಾಯಿ ಭರಣಿಯನ್ನು ಅಟ್ಟದ ಮೇಲೆ ಇಟ್ಟಳು, ಹಳದಿ ಬಟ್ಟೆಯಲ್ಲಿ ನಾಣ್ಯ ಸುತ್ತಿ ಮನೆದೇವರಿಗೆ ಮುಡಿಪು ಕಟ್ಟಿದಳು. ಸಂಜೆ ನನ್ನ ಬಸ್ಸು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತಿದ್ದಳು, ಕೇಳಿದರೆ ಬಟ್ಟೆ ಒಣಗಿದೆಯಾ ನೋಡಲು ಬಂದೆ ಎನ್ನುತ್ತಿದ್ದಳು. ನೆಂಟರಿಗೆ ಸುದ್ದಿ ಹೇಗೆ ಮುಟ್ಟಿತೋ, ಬಂದರು. ಸೇಬು ತಂದವರೆಲ್ಲ ಜೊತೆಗೆ ಒಂದೊಂದು ಸಾವಿನ ಕಥೆಯನ್ನೂ ತಂದರು. ಚೆನ್ನಾಗೇ ಇದ್ದ, ಕಾಫಿ ಕುಡಿದು ಲೋಟ ಕೆಳಗಿಟ್ಟ, ಅಷ್ಟೆ, ಎನ್ನುವ ಕಥೆಯನ್ನು ನಾನು ಮೂವರಿಂದ ಕೇಳಿದೆ. ನಾನು ಎಲ್ಲರ ನಡುವೆ ಸೇಬು ತಿನ್ನುತ್ತಾ, ಒಳಗೊಳಗೇ ನಗುತ್ತಾ ಕೂತಿದ್ದೆ. ಇವರಿಗೆ ಏನು ಗೊತ್ತು ಎಂಬ ಗರ್ವ.

ಅಣ್ಣ ಕುಣಿಗಲ್‌ನಿಂದ ಮೊದಲ ಬಸ್ಸಿಗೇ ಬಂದ, ಹೆಗಲ ಮೇಲೆ ಎಳನೀರಿನ ಚೀಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಅವನದೇ ಒಂದು ಚಿಂತೆ ಹೇಳಿಕೊಂಡ. ಈ ತಿಂಗಳು ಅವನ ಬಿಪಿ ಮಾತ್ರೆ ಎರಡು ದಿನ ಮುಂಚೆಯೇ ಮುಗಿದಿತ್ತಂತೆ.

"ದಿನಕ್ಕೆ ಒಂದೇ ನುಂಗೋದು ನಾನು. ಎರಡ್ ದಿನ ಮರೆತು ಎರಡೆರಡು ನುಂಗ್ಬಿಟ್ಟೀನಿ. ನಮ್ಮಪ್ಪಂಗೂ ಕೊನೇಲಿ ಹಿಂಗೇ ಮರೆವು ಶುರುವಾಗಿದ್ದು, ಗ್ಯಾಪಕ ಐತಾ?" ಎಂದ. "ನಿಂಗೆ ಎದೆ, ನಂಗೆ ತಲೆ. ಆಯ್ತು ಬುಡು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಸುಮ್ಮನೆ ಅಂಗಿಯ ಜೇಬಿಗೆ ಹೋಯಿತು. ಅವನ ತಲೆ ನೆಟ್ಟಗಿದೆ ಎಂದು ಹೇಳಲು ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಅಣ್ಣ ಸಂಜೆಯ ಬಸ್ಸಿಗೆ ಹೋಗುವಾಗ ಕೊಡೆ ಮರೆತುಹೋಗಿ ವಾಪಸ್ಸು ಬಂದ, ಅದನ್ನು ಎತ್ತಿಕೊಳ್ಳುವಾಗ ಅವನ ಮುಖ ಇಳಿದುಹೋಗಿತ್ತು. ಯಾವಾಗಲೂ ಕೊಡೆ ಮರೆಯುವವನೇ ಅವನು, ಆದರೆ ಅವತ್ತು ಆ ಮರೆವು ಅವನಿಗೆ ಬೇರೆಯೇ ಕಂಡಿತು. ಎಂಟು ದಿನದಲ್ಲಿ ನನ್ನ ನೆಮ್ಮದಿಗೆ ಮೊದಲ ಬಿರುಕು ಬಿದ್ದದ್ದು ಆಗ.

ಎರಡನೆಯದು ಉಪ್ಪಾರಹಳ್ಳಿಯ ಸ್ಟಾಪಿನಲ್ಲಿ. ಒಬ್ಬ ಹುಡುಗಿ ಊಟದ ಡಬ್ಬಿ ಮರೆತು ಹತ್ತಿದ್ದಳು. ಬಸ್ಸು ಹೊರಟಾಗ ಅವಳ ತಾಯಿ ನೈಟಿಯ ಮೇಲೆ ಟವಲು ಹೊದ್ದು ಓಡಿ ಬಂದರು. ಕಿಟಕಿಯಲ್ಲಿ ಡಬ್ಬಿ ನನ್ನ ಕೈಗೆ ಕೊಟ್ಟು, ಅಣ್ಣ ಸ್ವಲ್ಪ ಕೊಟ್ಬಿಡಿ, ಎಂದರು. ಏದುಸಿರು ಬಿಡುತ್ತಾ ನಿಂತಿದ್ದ ಅವರನ್ನು ಕನ್ನಡಿಯಲ್ಲಿ ನೋಡುತ್ತಾ ಮುಂದೆ ಹೋದೆ. ಡಬ್ಬಿ ಬಿಸಿಯಾಗಿತ್ತು. ದಿನವೂ ನಡೆಯುವಂಥದ್ದೇ, ಆದರೂ ಅವತ್ತು ಮರಳೂರು ಬರುವವರೆಗೆ ನನ್ನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಒಳಗಿನ ಕನ್ನಡಿಯ ಮೇಲೇ ಇತ್ತು. ನಲವತ್ತೆರಡು ತಲೆಗಳು. ಅರ್ಧ ಮಕ್ಕಳು ನಿದ್ದೆ ಮಾಡುತ್ತಿದ್ದರು.

ಅವತ್ತು ಸಂಜೆ ಜಯಾ ಪಡಸಾಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಪಾಪ, ಇವಳಿಗೆ ಹೇಳಿಬಿಟ್ಟರೆ ಭಯ ಬಿಡುತ್ತದೆ ಎಂದುಕೊಂಡೆ. ಎದುರಿಗೆ ಕೂತು, ನಗುನಗುತ್ತಲೇ, ಪುಟ್ಟಸ್ವಾಮಿಯ ಉಪಾಯ, ಅಣ್ಣನ ಡಬ್ಬಿ, ಎರಡು ಮಾತ್ರೆ ಎಲ್ಲ ಹೇಳಿದೆ. ಆ ಕಾಗದದಲ್ಲಿ ಬರೆದಿರುವುದು ಮಾತ್ರೆಯ ಕೆಲಸ, ನನ್ನ ಎದೆಯಲ್ಲಿ ಏನೂ ಇಲ್ಲ, ಸುಮ್ಮನೆ ಯಾಕೆ ಕೊರಗುತ್ತೀ ಎಂದೆ.

ಅವಳು ನಗಲೂ ಇಲ್ಲ, ಬಯ್ಯಲೂ ಇಲ್ಲ. ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಮೊರದೊಳಗೆ ಇಟ್ಟಳು.

"ಎದೇಲಿ ಏನೂ ಇಲ್ಲ ಅಂತ ಗೊತ್ತಿದ್ರೆ," ಎಂದಳು, "ಆ ಮಾತ್ರೆ ಯಾಕ್ರೀ ನುಂಗಿದ್ರಿ?"

ಕೊತ್ತಗೆರೆಯಲ್ಲಿ ಮಟ್ಟೆಯ ರಾಶಿಯ ಮೇಲೆ ಕೂತದ್ದು, ಸಿಲಿಂಡರು, ಸ್ಟೆಪ್ನಿ, ಬೆಲ್ಟಿನ ಮೇಲೆ ದವಡೆ ಹಿಡಿದದ್ದು, ಎಲ್ಲ ಸಾಲಾಗಿ ಬಂದು ನಿಂತವು. ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮಾತ್ರೆ ಕದ್ದೆ. ಹಲಸಿನ ಹಣ್ಣಿನ ಮೇಲೆ ಹಾಕಿದ್ದ ಹೊರೆಯನ್ನು ಆಮೇಲೆ ಅಣ್ಣನ ಮಾತ್ರೆಯ ಮೇಲೆ ಹಾಕಿ ಎಂಟು ದಿನ ಗೆದ್ದವನಂತೆ ತಿರುಗಿದ್ದೆ. ಆಗ ಬಂತು ನೋಡಿ ಭಯ. ನೆಂಟರ ಮೂರು ಸಾವಿನ ಕಥೆಗೆ ಬಾರದಿದ್ದದ್ದು, ಡಾಕ್ಟರ ಮಾತಿಗೆ ಬಾರದಿದ್ದದ್ದು, ಹೆಂಡತಿಯ ಒಂದು ಪ್ರಶ್ನೆಗೆ ಬಂತು.

ಡಾಕ್ಟರು ಬಸ್ಸಿನ ವಿಷಯ ನಿಜವಾಗಿ ಏನು ಹೇಳಿದರು ಎಂದು ಕೇಳಿದಳು. ಹೇಳಿದೆ. ಎದ್ದು ಹೋಗಿ ಮೊಳೆಯಲ್ಲಿ ನೇತುಹಾಕಿದ್ದ ಬಸ್ಸಿನ ಕೀ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಮ್ ಅಂಗನವಾಡೀಲಿ ಒಂದ್ ಮಗು ಬಿದ್ದು ಮಂಡಿ ತರಚಿದ್ರೆ ಅವರಮ್ಮಂಗೆ ನಾನ್ ಉತ್ತರ ಹೇಳ್ಬೇಕು. ನಿಮ್ ಬಸ್ಸಲ್ಲಿ ನಲವತ್ತು ಜನ ಅಮ್ಮಂದ್ರ ಮಕ್ಳವ್ರೆ. ಕಾಲೇಜಿಗೆ ಈಗ್ಲೇ ಫೋನ್ ಮಾಡಿ. ನೀವ್ ಹೇಳ್ತೀರೋ, ನಾನ್ ಹೇಳ್ಲೋ?"

ನಾನೇ ಹೇಳಿದೆ. ಬಸ್ಸುಗಳ ಉಸ್ತುವಾರಿಯ ಮೇಷ್ಟ್ರಿಗೆ ಫೋನ್ ಮಾಡಿ ವರದಿ ಸರಿ ಬಂದಿಲ್ಲ, ಎಂಟು ದಿನ ಮುಚ್ಚಿಟ್ಟಿದ್ದೆ ಎಂದೆ. ಬೆಳಿಗ್ಗೆ ಬೇರೆ ಡ್ರೈವರ್ ಬರುತ್ತಾನೆ ಎಂದು ಹೇಳಿ ಫೋನ್ ಇಟ್ಟರು. ಬೆಳಿಗ್ಗೆ ಏಳೂಕಾಲಿಗೆ ಇನ್ಯಾರೋ ನನ್ನ ಬಸ್ಸನ್ನು ರಿವರ್ಸ್ ತೆಗೆದುಕೊಂಡು ಹೋದರು. ಎರಡನೆಯ ಗೇರಿಗೆ ಅದು ಸ್ವಲ್ಪ ಕಿರುಗುಟ್ಟುತ್ತದೆ, ಕ್ಲಚ್ಚು ಪೂರ್ತಿ ಒತ್ತಬೇಕು ಎಂದು ಹೇಳಬೇಕೆಂದಿದ್ದೆ, ಮರೆತೆ. ರಸ್ತೆಯ ತಿರುವಿನಲ್ಲಿ ಅದು ಕಿರುಗುಟ್ಟಿದ್ದು ಕೇಳಿಸಿತು. ಬಚ್ಚಲಿಗೆ ಹೋಗಿ ಅತ್ತೆ.

ಆಸ್ಪತ್ರೆಯಲ್ಲಿ ಈ ಸಲ ನಾನೂ ಎಲ್ಲರಂತೆ ಬಾಗಿಲನ್ನೇ ನೋಡುತ್ತಾ ಕೂತೆ. ಪಕ್ಕದಲ್ಲಿದ್ದ ಒಬ್ಬ ಮುದುಕಪ್ಪ ಮೊದಲನೇ ಸಲವಾ ಎಂದು ಕೇಳಿ, ಹೌದೆಂದರೆ, ತನ್ನ ಚೀಲದಿಂದ ಒಂದು ಮೂಸಂಬಿ ತೆಗೆದು ಅರ್ಧ ನನಗೆ ಕೊಟ್ಟ. ಸಾವಿನ ಕಥೆ ಹೇಳಲಿಲ್ಲ. ಆ ತಿಂಗಳಲ್ಲಿ ಕಥೆ ಇಲ್ಲದೆ ಸಿಕ್ಕಿದ ಹಣ್ಣು ಅದೊಂದೇ.

ಡಾಕ್ಟರ ಮುಂದೆ ಎಲ್ಲ ಹೇಳಿದೆ. ಕಾಯಿ ಸುಲಿದದ್ದೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ನಿಮ್ಮನ್ನ ಎರಡು ಸಲ ಕೇಳಿದ್ನಲ್ಲ ಮಂಜುನಾಥ್ ಅವರೇ," ಎಂದರು. ಸಿಟ್ಟಿರಲಿಲ್ಲ, ಬೇಸರ ಇತ್ತು. ಸಿಟ್ಟೇ ವಾಸಿ ಅನ್ನಿಸಿತು. ನೀವು ಹೇಳದಿದ್ದರೆ ಈ ಗೆರೆಗಳನ್ನು ನಾನು ಹೇಗೆ ಓದಲಿ, ನಿಮ್ಮ ಎದೆ ಹೇಳುತ್ತಿದ್ದದ್ದು ನನಗೆ ಕೇಳಿಸದಂತೆ ಅದರ ಬಾಯಿ ಮುಚ್ಚಿ ಕರೆದುಕೊಂಡು ಬಂದಿರಿ, ಎಂದರು. ಜಯಾ ತಲೆ ತಗ್ಗಿಸಿದಳು, ತಪ್ಪು ಅವಳದೇ ಎಂಬಂತೆ.

ಆ ಕಾಗದದ ಮೇಲಿನ ಪದದ ಅರ್ಥ ನನಗೆ ತಿಳಿದದ್ದು ಆ ದಿನ. ಅಬ್‌ನಾರ್ಮಲ್ ಎಂದರೆ ಕಾಯಿಲೆ ಇದೆ ಎಂದಲ್ಲ, ಇಲ್ಲ ಎಂದೂ ಅಲ್ಲ, ಇನ್ನೂ ನೋಡಬೇಕು ಎಂದು ಅವರು ಬಿಡಿಸಿ ಹೇಳಿದರು. ಕೆಲವರಿಗೆ ಗೆರೆ ಜಗ್ಗಿರುತ್ತದೆ, ಒಳಗೆ ನೋಡಿದರೆ ಏನೂ ಇರುವುದಿಲ್ಲವಂತೆ. ನಾನು ಅದನ್ನು ನನ್ನ ಭಾಷೆಗೆ ಹಾಕಿಕೊಂಡೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ವೈರು ಸಡಿಲ ಇರಬಹುದು, ಆಯಿಲ್ಲೇ ಖಾಲಿ ಆಗಿರಬಹುದು. ಯಾವುದಾದರೂ ಆಗಲಿ, ಬುದ್ಧಿ ಇರುವ ಡ್ರೈವರ್ ಬಸ್ಸು ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿ ನೋಡುತ್ತಾನೆ. ದೀಪದ ಮೇಲೆ ಟೇಪು ಅಂಟಿಸಿಕೊಂಡು ಓಡಿಸುವುದಿಲ್ಲ.

ಎಕೋ ಮಾಡಿಸಿದರು, ಹೃದಯದ ಶಕ್ತಿ ಚೆನ್ನಾಗಿದೆ ಎಂದರು. ಕೆಲವು ದಿನ ಬಿಟ್ಟು ಮತ್ತೆ ಬೆಲ್ಟು ಹತ್ತಿಸಿದರು. ಈ ಸಲ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಐದನೆಯ ನಿಮಿಷಕ್ಕೆ ದವಡೆ ಹಿಡಿಯಿತು. ಸುಮ್ಮನಿದ್ದುಬಿಡು ಎಂದು ಒಳಗಿನವನು ಈ ಸಲವೂ ಹೇಳಿದ, ನಿಜ ಹೇಳಬೇಕೆಂದರೆ. "ಬಂತು ಮೇಡಂ," ಎಂದೆ. ಬೆಲ್ಟು ನಿಂತಿತು, ಮಲಗಿಸಿದರು, ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ಟರು. ಗೆರೆಗಳು ಸ್ಪಷ್ಟವಾಗಿ ಕೆಳಗೆ ಇಳಿದಿದ್ದವಂತೆ. ಕೆಟ್ಟ ಸುದ್ದಿ ಕೇಳಿ ಎದೆ ಹಗುರಾಗಬಹುದು ಎಂದು ನನಗೆ ಯಾರಾದರೂ ಮೊದಲು ಹೇಳಿದ್ದರೆ ನಂಬುತ್ತಿರಲಿಲ್ಲ.

ಆಂಜಿಯೋಗ್ರಾಂ ಮಾಡುವ ಕೋಣೆ ವಿಪರೀತ ತಣ್ಣಗಿತ್ತು. ಮಣಿಕಟ್ಟಿನಲ್ಲಿ ಸೂಜಿ. ಎಚ್ಚರ ಇರುತ್ತದೆ, ಅದೇ ಕಷ್ಟ. ಒಬ್ಬ ವಯಸ್ಸಾದ ಆಯಾ ಬಂದು ನನ್ನ ಪಾದ ಮುಟ್ಟಿ ನೋಡಿ, ಕಾಲು ಮಂಜಾಗವೆ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಇನ್ನೊಂದು ಕಂಬಳಿ ತಂದು ಎರಡೂ ಪಾದಕ್ಕೆ ಸುತ್ತಿ ಹೋದಳು. ಅವಳ ಮುಖ ಸರಿಯಾಗಿ ನೋಡಲೂ ಆಗಲಿಲ್ಲ. ಮುಖ್ಯ ರಕ್ತನಾಳವೊಂದು ಮುಕ್ಕಾಲಿಗೂ ಮೀರಿ ಕಟ್ಟಿತ್ತು. ಅಲ್ಲೇ ಸ್ಟೆಂಟ್ ಹಾಕಿದರು. ತೆರೆದುಕೊಂಡ ಮೇಲೆ ಪರದೆಯ ಮೇಲೆ ತೋರಿಸಿದರು, ಕೆರೆಯ ತೂಬು ಎತ್ತಿದಾಗ ಕಾಲುವೆಗೆ ನೀರು ಹೋಗುವಂತೆ ಕಪ್ಪಗೆ ಹರಿಯಿತು. ನಾನು ನೋಡುತ್ತಾ, ಆ ಎಂಟು ದಿನಗಳನ್ನು ಒಂದೊಂದಾಗಿ ನೆನೆದೆ. ಗುಬ್ಬಿಯಿಂದ ಮರಳೂರಿನವರೆಗೆ ಎಲ್ಲಿ ಬೇಕಾದರೂ ಆಗಬಹುದಿತ್ತು.

ವಾರ್ಡಿಗೆ ಅಣ್ಣ ಬಂದ. ಜಯಾ ಕಾಫಿ ತರಲು ಹೋದಾಗ ಅವನಿಗೂ ಹೇಳಿದೆ. ಕಣ್ಣು ತಗ್ಗಿಸಿಕೊಂಡೇ ಹೇಳಿದೆ, ಬಯ್ಗುಳ ಕಾಯುತ್ತಾ. ತಲೆಯೆತ್ತಿ ನೋಡಿದರೆ ಅವನ ಮುಖ ಅರಳಿತ್ತು.

"ಅಂದ್ರೆ ನನ್ ತಲೆ ನೆಟ್ಟಗೈತೆ," ಎಂದ. ಆಮೇಲೆ ಟವಲಿನಿಂದ ಕಣ್ಣೊರೆಸಿಕೊಂಡ. "ಒಂದ್ ತಿಂಗ್ಳು ನಿದ್ದೆ ಮಾಡಿಲ್ಲ ಕಣ್ಲಾ. ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

ಅಷ್ಟೆ. ಅವನು ಅದನ್ನು ಮತ್ತೆ ಎತ್ತಿಲ್ಲ. ನನ್ನ ಎದೆಯ ತೊಂದರೆಗಿಂತ ದೊಡ್ಡ ತೊಂದರೆಯನ್ನು ಅವನ ತಲೆಗೆ ಹಾಕಿದ್ದೆ ಎಂಬುದು ಮಾತ್ರ ನನಗೆ ಈಗಲೂ ಚುಚ್ಚುತ್ತದೆ.

ಕಾಲೇಜಿನವರು ಕೆಲಸದಿಂದ ತೆಗೆಯಲಿಲ್ಲ. ಬಸ್ಸುಗಳ ಶೆಡ್ಡಿಗೆ ಹಾಕಿದರು. ಬೆಳಿಗ್ಗೆ ಸಂಜೆ ಟೈರು, ಬ್ರೇಕು, ದೀಪ ನೋಡಿ ಸರಿ ಇದೆ ಎಂದರೆ ಮಾತ್ರ ಬಸ್ಸು ಹೊರಡಬೇಕು. ಕಣ್ಣಿನ ಚಾರ್ಟಿನ ವಿಷಯವನ್ನೂ ಉಸ್ತುವಾರಿ ಮೇಷ್ಟ್ರಿಗೆ ಹೇಳಿಬಿಟ್ಟೆ. ಮುಂದಿನ ಪರೀಕ್ಷೆಗೆ ಹೊಸ ಚಾರ್ಟು ಬಂತು, ಡ್ರೈವರುಗಳು ಎರಡು ತಿಂಗಳು ನನ್ನ ಜೊತೆ ಟೀ ಕುಡಿಯಲಿಲ್ಲ. ಮೊದಲು ಮಾತಾಡಿಸಿದವನು ಪುಟ್ಟಸ್ವಾಮಿಯೇ, ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ. ಟೀ ಅಂಗಡಿಯ ಲೋಟ ಇಷ್ಟು ಕೊಳಕಾಗಿರುವುದು ಅವನಿಗೆ ಗೊತ್ತೇ ಇರಲಿಲ್ಲವಂತೆ.

ಹೋದ ತಿಂಗಳು ಮೂರನೆಯ ಸಲ ಬೆಲ್ಟು ಹತ್ತಿದೆ. ಮಾತ್ರೆಗಳ ಪಟ್ಟಿ ಜಯಾಳ ದುಂಡಕ್ಷರದಲ್ಲಿ ಜೇಬಿನಲ್ಲಿತ್ತು, ಕೇಳುವ ಮೊದಲೇ ತೆಗೆದು ಕೊಟ್ಟೆ. ಜಯಾ ಒಳಗೇ ನಿಂತಿದ್ದಳು. ಒಂಬತ್ತು ನಿಮಿಷ ನಡೆದೆ. ದವಡೆ ಹಿಡಿಯಲಿಲ್ಲ. ಗೆರೆಗಳು ನೆಟ್ಟಗಿದ್ದವು. ಡಾಕ್ಟರು ಕಾಗದ ಮಡಿಸಿ, ಬೇಕಿದ್ದರೆ ಬಸ್ಸು ಓಡಿಸಲು ಬರೆದುಕೊಡುವ ಬಗ್ಗೆ ಈಗ ಯೋಚಿಸಬಹುದು ಎಂದರು. ಒಂದು ವರ್ಷ ಇದೇ ಮಾತಿಗಾಗಿ ಕಾದಿದ್ದೆ. ಏಳೂಕಾಲರ ಹಾರನ್, ಎರಡನೆಯ ಗೇರಿನ ಕಿರುಗುಟ್ಟುವ ಸದ್ದು, ಬಿಸಿ ಡಬ್ಬಿ ಎಲ್ಲ ನೆನಪಾದವು. ಜಯಾಳ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ಬೇಡ ಮೇಡಂ," ಎಂದೆ. "ಎದೆ ಮೇಲೆ ನಂಬ್ಕೆ ಬಂದೈತೆ. ನನ್ ಬಾಯ್ ಮೇಲೆ ಇನ್ನೂ ಬಂದಿಲ್ಲ."

ವಾಪಸ್ಸು ಬರುವಾಗ ಗುಬ್ಬಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಜಯಾ ಎದೆ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಅಂಗನವಾಡಿಯ ಮಕ್ಕಳ ಗಲ್ಲ ಹಿಡಿದು ಕೇಳುವ ಅದೇ ದನಿಯಲ್ಲಿ, ನಿಜ ಹೇಳಿ ಎಂದಳು. ಈಗ ಅವಳು ಯಾವುದನ್ನೂ ಒಂದು ಸಲ ಕೇಳಿ ಬಿಡುವುದಿಲ್ಲ. ಊಟ ಆಯಿತಾ ಎಂಬುದನ್ನೂ ಎರಡು ಸಲ ಕೇಳುತ್ತಾಳೆ. ಮೊದಮೊದಲು ರೇಗುತ್ತಿದ್ದೆ. ಈಗ ನಾನೂ ಎರಡು ಸಲ ಹೇಳುತ್ತೇನೆ.